ನೋವಿಲ್ಲದ ಸಂಜೆ

ಮೊಣಕಾಲಿನ ಆಪರೇಶನ್ ಮುಗಿಸಿಕೊಂಡು ಶೋಭಾ ಅದೇ ದಿನ ಸಂಜೆ ಐದರ ಹೊತ್ತಿಗೆ ಗೋಕಾಕದಿಂದ ಕುಲಗೋಡದ ಮನೆಗೆ ಬಂದಾಗ ಅವಳ ಮುಖದಲ್ಲಿ ನಗುವಿತ್ತು. ಗಂಡ ಮಲ್ಲೇಶ ಅವಳನ್ನು ಬಾಡಿಗೆ ಕಾರಿನಿಂದ ಎತ್ತಿಕೊಂಡೇ ಒಳಗೆ ತಂದು ಪಡಸಾಲೆಯ ಮಂಚದ ಮೇಲೆ ಮಲಗಿಸಿದ. ಬಲಗಾಲಿಗೆ ಮೊಣಕಾಲಿನ ಸುತ್ತ ದಪ್ಪ ಬ್ಯಾಂಡೇಜು ಬಿಗಿದಿತ್ತು.

"ನೋವ ಐತೇನ?" ಅತ್ತೆ ಯಮನವ್ವ ಕೇಳಿದಳು.

"ಒಂಚೂರೂ ಇಲ್ರಿ ಅತ್ತಿ. ಈ ಕಾಲ ನಂದ ಹೌದೋ ಅಲ್ಲೋ ಅನಸಾಕತ್ತೈತಿ. ತೊಡಿ ಸಂದಿಗೆ ಒಂದ ಇಂಜೆಕ್ಷನ್ ಮಾಡ್ಯಾರ. ಬೇಕಾದ್ರ ಚೂಟಿ ನೋಡ್ರಿ."

ಎಂಟನೆಯ ತರಗತಿ ಓದುವ ಮಗಳು ಶಿವಾನಿ ನಿಜಕ್ಕೂ ತಾಯಿಯ ತೊಡೆಯನ್ನು ಚೂಟಿದಳು. ಶೋಭಾ ನಕ್ಕಳು. ಮಗಳೂ ನಕ್ಕಳು. ಯಮನವ್ವ ಮಾತ್ರ ನಗಲಿಲ್ಲ.

ಈ ಆಪರೇಶನ್ ಅವಳಿಗೆ ಮೊದಲಿಂದಲೂ ಬೇಡವಾಗಿತ್ತು. ಶೋಭಾ ಮೂಡಲಗಿಯ ಒಂದು ಖಾನಾವಳಿಗೆ ದಿನಾಲೂ ನೂರು ರೊಟ್ಟಿ ಬಡಿದು ಕಳಿಸುತ್ತಿದ್ದಳು. ಮೂರು ವರ್ಷ ಒಲೆಯ ಮುಂದೆ ಕುಂತ ಮೊಣಕಾಲು, ದೀಪಾವಳಿಯ ನಂತರ ಒಂದು ದಿನ ದನದ ಕೊಟ್ಟಿಗೆಯಲ್ಲಿ ಸೆಗಣಿ ಬುಟ್ಟಿ ಎತ್ತುವಾಗ ಜಾರಿ ತಿರುವಿಕೊಂಡಿತ್ತು. ಒಳಗಿನ ಮೆತ್ತನೆಯ ಪದರು ಹರಿದಿದೆ, ಸಣ್ಣ ತೂತು ಮಾಡಿ ಸರಿಪಡಿಸಬೇಕು ಎಂದು ಎಲುಬಿನ ಡಾಕ್ಟರು ಹೇಳಿದ್ದರು. "ಮೊಣಕಾಲ ನೋವ ಯಾರಿಗಿಲ್ಲ? ನನಗೂ ಐತಿ. ನಾ ಯಾರ ಕಡೆ ಕೊಯ್ಸಾಕ ಹೋಗೇನಿ?" ಎಂದು ಯಮನವ್ವ ಎರಡು ತಿಂಗಳು ಅಂದದ್ದೇ ಅಂದಿದ್ದಳು. ಆ ದಿನ ಬೆಳಗಿನಿಂದ ಅಡಿಗೆ, ಎರಡು ಎಮ್ಮೆ, ಪಾತ್ರೆ, ಬಟ್ಟೆ ಎಲ್ಲವೂ ಅವಳ ಮೇಲೇ ಬಿದ್ದಿದ್ದವು.

ಮಲ್ಲೇಶ ಹತ್ತು ನಿಮಿಷವೂ ನಿಲ್ಲಲಿಲ್ಲ. ಕಬ್ಬಿನ ಹಂಗಾಮು; ಅವನ ಟ್ರ್ಯಾಕ್ಟರ್ ಹೊಲದಲ್ಲಿ ತುಂಬಿ ನಿಂತಿತ್ತು. "ಯವ್ವಾ, ಊಟ ಆದಮ್ಯಾಲ ಗುಳಿಗಿ ಕೊಡು. ನೋವ ಇರಲಿ ಬಿಡಲಿ, ಕೊಡು. ನಾ ಫ್ಯಾಕ್ಟರಿಗೆ ಹೋಗಿ ಬರತೇನಿ," ಎಂದಷ್ಟೇ ಹೇಳಿ ಹೋದ. ಶಿವಾನಿ ಜೋಳದ ಡಬ್ಬಿ ಹೊತ್ತುಕೊಂಡು ಗಿರಣಿಗೆ ಹೋದಳು.

ಆರು ಗಂಟೆಯ ಸುಮಾರಿಗೆ ಮಾವ ಮುರಿಗೆಪ್ಪ ಗೆಳೆಯ ಶಿದ್ರಾಮನನ್ನು ಕರೆದುಕೊಂಡು ಬಂದು ಹೊರಗಿನ ಕಟ್ಟೆಯ ಮೇಲೆ ಕುಂತ. "ಏ, ಚಾ ಬರತೈತೇನ?" ಎಂದು ಕೂಗಿದ. ಯಮನವ್ವ ಆಗ ಹಾಲು ಹಿಂಡುವ ಚರಿಗೆ ಹಿಡಿದು ಹಿತ್ತಲಿಗೆ ಹೊರಟಿದ್ದಳು. ಶೋಭಾ ಮಂಚದ ಮೇಲೆ ಮೊಬೈಲಿನಲ್ಲಿ ತವರಿನವರ ಜೊತೆ ನಗುತ್ತ ಮಾತಾಡಿ ಆಗಷ್ಟೇ ಇಟ್ಟಿದ್ದಳು.

"ನೋವ ಇಲ್ಲಂದ್ರ ಎದ್ದ ಅವರಿಗೊಂದೀಟ ಚಾ ಮಾಡಿ ಕೊಡ," ಎಂದಳು ಯಮನವ್ವ.

"ಕಾಲಾಗ ಶಕ್ತಿ ಇದ್ದಂಗ ಇಲ್ರಿ ಅತ್ತಿ."

"ಈಗರ ನೋವ ಇಲ್ಲ ಅಂದಿ. ಫೋನಿನ್ಯಾಗ ನಗಾಕ ಶಕ್ತಿ ಐತಿ. ಅಡಗಿಮನಿ ನಾಕ ಹೆಜ್ಜಿ ಐತಿ, ಗ್ವಾಡಿ ಹಿಡಕೊಂಡ ಹೋಗ."

ಯಮನವ್ವ ತಿರುಗಿ ನೋಡದೆ ಹಿತ್ತಲಿಗೆ ಹೋದಳು. ಎಮ್ಮೆಯ ಕೆಚ್ಚಲಿಗೆ ಕೈ ಹಚ್ಚುವಷ್ಟರಲ್ಲಿ ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಓಡಿ ಬಂದಾಗ ಶೋಭಾ ಅಡಿಗೆಮನೆಯ ಹೊಸ್ತಿಲ ಮೇಲೆ ಬಿದ್ದಿದ್ದಳು. ಬಲಗೈ ಮೈಯಡಿಗೆ ಸಿಕ್ಕಿತ್ತು. ಬ್ಯಾಂಡೇಜಿನ ಮೇಲೆ ಕೆಂಪಗೆ ರಕ್ತ ಮೂಡುತ್ತಿತ್ತು. ಕಾಲು ನೋಯುತ್ತಲೇ ಇರಲಿಲ್ಲ. ಶೋಭಾ ಅತ್ತದ್ದು ಕೈಗಾಗಿ.

"ಕಾಲ ಇರಲೇ ಇಲ್ರಿ ಅತ್ತಿ," ಎಂದಳು. "ಮಡಚೇ ಹೋತು."

ಮತ್ತೆ ಗೋಕಾಕ. ಶಿದ್ರಾಮನೇ ಯಾರದೋ ಜೀಪು ತಂದ. ಮಲ್ಲೇಶ ಫ್ಯಾಕ್ಟರಿಯಿಂದ ನೇರ ಆಸ್ಪತ್ರೆಗೆ ಬಂದ. ಮುಂಗೈ ಎರಡು ಕಡೆ ಮುರಿದಿತ್ತು, ಮೊಣಕಾಲಿನ ಹೊಲಿಗೆ ಬಿಚ್ಚಿತ್ತು.

"ಹೆಂಗ ಬಿದ್ರಿ?" ಡಾಕ್ಟರು ಕೇಳಿದರು.

ಶೋಭಾ ಅತ್ತೆಯ ಕಡೆ ನೋಡಿದಳು. ಯಮನವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಹೇಳಬೇಕೆಂದುಕೊಂಡಳು, ಹೇಳಲಿಲ್ಲ. ನರ್ಸು ಕೈಗೆ ಅರಿವೆ ಸುತ್ತುತ್ತಿದ್ದಳು. ಡಾಕ್ಟರು ಇನ್ನೊಮ್ಮೆ ಕೇಳಿದರು.

"ಬಾತ್‌ರೂಮಿಗೆ ಹೊಂಟಿದ್ನಿರಿ," ಎಂದಳು ಶೋಭಾ.

ಡಾಕ್ಟರು ಮಲ್ಲೇಶನ ಕಡೆ ತಿರುಗಿದರು. "ನಿಮಗ ಹೇಳಿದ್ನೆಲ್ರಿ? ಆ ಇಂಜೆಕ್ಷನ್ ನೋವ ಒಂದ ನಿಲ್ಲಸೂದಿಲ್ಲ, ಮೊಣಕಾಲ ಎತ್ತಿ ಹಿಡಿಯೂ ಬಲಾನೂ ತಗೀತೈತಿ. ನಾಳಿ ಮಧ್ಯಾಹ್ನದ ತನಕ ಇನ್ನೊಬ್ಬರು ಹಿಡೀಲಾರದ ಎದ್ದ ನಿಲ್ಲಬಾರದು ಅಂತ ಚೀಟಿ ಬರದು ಕೊಟ್ಟೇನಿ."

ಮಲ್ಲೇಶನ ಮುಖ ಕೆಂಪಾಯಿತು. ಅವನು ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ಮುಂದೂ ಹೇಳಿದ್ರಿಲ್ಲೋ ಸಿಸ್ಟರ್? ಸಣ್ಣ ಕೂಸೇನ ನೀ? ಮನ್ಯಾಗ ಯವ್ವಾ ಇದ್ದಳು, ಕರದಿದ್ರ ಬರತಿದ್ದಿಲ್ಲೇನ?"

ಶೋಭಾ ತಲೆ ಬಗ್ಗಿಸಿದಳು. ಯಮನವ್ವ ಗೋಡೆಗೆ ಒರಗಿ ನಿಂತೇ ಇದ್ದಳು.

ಮರುದಿನ ಮಧ್ಯಾಹ್ನ ಕಾಲಿನ ಜೋಮು ಬಿಟ್ಟಿತು, ನೋವು ಬಂತು. ಕೈಯದೂ ಕಾಲಿನದೂ ಕೂಡಿ ಬಂತು. ಶೋಭಾ ತಲೆದಿಂಬನ್ನು ಹಲ್ಲಿನಿಂದ ಕಚ್ಚಿ ಮಲಗಿದಳು. ಎರಡು ದಿನದಲ್ಲಿ ವಾಕರ್ ಹಿಡಿದು ಓಡಾಡಬೇಕಾದವಳು. ಈಗ ವಾಕರ್ ಹಿಡಿಯಲು ಕೈಯೇ ಇರಲಿಲ್ಲ. ಮುಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್, ಆರು ವಾರ. ಏಳಲು, ಕೂರಲು, ಸ್ನಾನಕ್ಕೆ, ಸಂಡಾಸಿಗೆ, ಊಟಕ್ಕೆ, ತಲೆ ಬಾಚಲು, ಎಲ್ಲಕ್ಕೂ ಇನ್ನೊಬ್ಬರು ಬೇಕು.

ಎಲ್ಲಕ್ಕೂ ಯಮನವ್ವನೇ ನಿಂತಳು. ಶಿವಾನಿಯನ್ನೂ ಮುಟ್ಟಗೊಡಲಿಲ್ಲ. ಬೆಳಿಗ್ಗೆ ನೀರು ಕಾಸಿ ಸೊಸೆಯ ಮೈ ತೊಳೆದಳು. ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟಳು. ಶೋಭಾ ಬೇಡ ಎನ್ನಲಿಲ್ಲ, ಸಾಕು ಎನ್ನಲಿಲ್ಲ. ಬಾಯಿ ತೆರೆದಳು, ಮುಚ್ಚಿದಳು.

ಮೂರನೆಯ ದಿನ ಖಾನಾವಳಿಯ ಅಣ್ಣಾಸಾಹೇಬ ಫೋನ್ ಮಾಡಿದ. "ತಂಗೀ, ನನಗೂ ಕೆಟ್ಟ ಅನಸ್ತೈತಿ. ಆದ್ರ ಆರ ವಾರ ಗಿರಾಕಿಗೆ ಏನ ಹಾಕ್ಲಿ? ಬ್ಯಾರೇದವರು ಕೇಳಾಕತ್ತಾರ. ಅವರಿಗೆ ಹೂಂ ಅಂತೇನಿ ನೋಡು."

ಮಾತು ಪಕ್ಕದಲ್ಲಿದ್ದ ಯಮನವ್ವನಿಗೂ ಕೇಳಿಸಿತು. ಆ ರೊಟ್ಟಿಯ ಗಿರಾಕಿಯನ್ನು ಶೋಭಾ ತಾನೇ ಮೂಡಲಗಿಗೆ ಹೋಗಿ, ಮಾದರಿಗೆ ಹತ್ತು ರೊಟ್ಟಿ ಕೊಟ್ಟು, ಹಿಡಿದುಕೊಂಡು ಬಂದಿದ್ದಳು. ಊರವರ ಹೊಟ್ಟೆಗೆ ರೊಟ್ಟಿ ಬಡಿಯುವುದು ಮಾನವಂತರ ಕೆಲಸವಲ್ಲ ಎಂದು ಆಗ ಯಮನವ್ವ ಒಂದು ವಾರ ಮಾತು ಬಿಟ್ಟಿದ್ದಳು. ಈಗ ಅವಳೇ ಸೊಸೆಯ ಕೈಯಿಂದ ಫೋನು ಇಸಿದುಕೊಂಡಳು.

"ಯಾರಿಗೂ ಹೂಂ ಅನಬ್ಯಾಡೋ ಅಣ್ಣಾಸಾಹೇಬ. ನಾಳಿಂದ ನಾ ಕಳಸ್ತೇನಿ."

"ನಿಮಗ ಆಗತೈತೇನ ಅಕ್ಕಾ? ನೂರ ಅದಾವ."

"ಎಣಸಾಕ ಬರತೈತಿ ನನಗ."

ಅರವತ್ತೆರಡು ವರ್ಷದ ಹೆಂಗಸು ಮರುದಿನದಿಂದ ಒಲೆಯ ಮುಂದೆ ಕುಂತಳು. ಹಿಟ್ಟು ನಾದಿ, ಬಡಿದು, ಬೇಯಿಸಿ, ನೂರು ರೊಟ್ಟಿ ಬುಟ್ಟಿಗೆ ತುಂಬುವಷ್ಟರಲ್ಲಿ ರಟ್ಟೆ ಎತ್ತಲಾಗುತ್ತಿರಲಿಲ್ಲ. ಮೊದಲ ದಿನ ರೊಟ್ಟಿ ದಪ್ಪವಾಗಿವೆ ಎಂದು ಅಣ್ಣಾಸಾಹೇಬ ದೂರಿದ. ಎರಡನೆಯ ವಾರದ ಹೊತ್ತಿಗೆ ದೂರು ನಿಂತಿತು.

ಓಣಿಯ ಹೆಂಗಸರು ಶೋಭಾಳನ್ನು ನೋಡಲು ಬಂದವರು ಯಮನವ್ವನನ್ನು ನೋಡಿ ಹೋದರು. "ಇಂಥಾ ಅತ್ತಿ ಯಾರಿಗೆ ಸಿಗತಾಳ ಹೇಳ್ರಿ," ಎಂದರು. "ಸೊಸಿ ಎಂಜಲಾ ತೊಳೀತಾಳ, ಆಕಿ ರೊಟ್ಟಿನೂ ಬಡೀತಾಳ." ಯಮನವ್ವ ಪ್ರತಿ ಸಲವೂ ಒಳಗೆ ಏನೋ ಕೆಲಸವಿದೆ ಎಂದು ಎದ್ದು ಹೋಗುತ್ತಿದ್ದಳು. ಅದನ್ನೂ ಅವರು ದೊಡ್ಡ ಗುಣ ಎಂದರು. ಮಂಚದ ಮೇಲಿನ ಶೋಭಾ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು.

ಒಂದು ದಿನ ಊಟಕ್ಕೆ ಕುಂತಾಗ ಮುರಿಗೆಪ್ಪ ತಾಟಿನ ಮೇಲೆ ಕೈ ಅಡ್ಡ ಹಿಡಿದ.

"ಯಾಕ, ಖಾರ ಆಗೈತೇನ?" ಎಂದಳು ಯಮನವ್ವ.

"ಅವತ್ತ ಚಾ ಕೇಳಿದಂವ ನಾನ," ಎಂದ ಮುರಿಗೆಪ್ಪ. "ನೀ ಆಕಿಗಿ ಅಂದಿದ್ದೂ ನನಗ ಕೇಳಿಸಿತ್ತ."

ಯಮನವ್ವನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. "ಕೇಳಿಸಿದ್ರ ಅವಾಗ ಯಾಕ ಬ್ಯಾಡ ಅನ್ನಲಿಲ್ಲ?"

"ನನಗೇನ ಗೊತ್ತ ಕಾಲ ಹಿಂಗ ಆಗತೈತಿ ಅಂತ? ಈಗ ಮಲ್ಲೇಶಗ ಹೇಳೂನ. ಪಾಪ, ಆಕಿಗೆ ಬೈಯಾಕತ್ತಾನ."

"ಹೇಳ್ರಿ. ನಿಮ್ಮ ಬಾಯಿಲೇ ಹೇಳ್ರಿ."

"ನಾ ಯಾಕ? ಎಬ್ಬಿಸಿದಾಕಿ ನೀ."

"ಚಾ ಕೇಳಿದವರ ನೀವ."

ಇಬ್ಬರೂ ಹೇಳಲಿಲ್ಲ. ಸಾರು ತಣ್ಣಗಾಯಿತು.

ಮಲ್ಲೇಶನ ಸಿಟ್ಟು ಇಳಿದಿರಲಿಲ್ಲ. ಟ್ರ್ಯಾಕ್ಟರಿನಿಂದ ದಣಿದು ಬಂದವನು ತಾಯಿ ರಟ್ಟೆಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಕಂಡರೆ ಸಾಕು, ಹೆಂಡತಿಯ ಮೇಲೆ ಎರಡು ಮಾತು ಬೀಳುತ್ತಿದ್ದವು. "ಒಂದ ದಿನ, ಒಂದ ದಿನ ಮಲಗಿರಾಕ ಆಗಲಿಲ್ಲ ನಿನಗ. ನೋಡ ಯವ್ವನ ಗತಿ."

"ಅಪ್ಪಾ," ಎಂದಳು ಶಿವಾನಿ, ಅಭ್ಯಾಸದ ಪುಸ್ತಕದಿಂದ ತಲೆಯೆತ್ತಿ ಅಜ್ಜಿಯ ಕಡೆ ನೋಡುತ್ತ. "ಚೀಟಿ ನಿನ್ನ ಕೈಯಾಗ ಕೊಟ್ಟಿದ್ರಂತಲ್ಲ. ಅದ್ರಾಗ ಬರದಿದ್ದ ಆಯಿಗೆ ಓದಿ ಹೇಳಿದ್ದೇನ?"

"ನೀ ಅಭ್ಯಾಸ ಮಾಡ."

"ಹೇಳಿದ್ದೇನ ಅಂತ ಕೇಳಿದ್ನಿ ಅಷ್ಟ."

"ಸುಮ್ಮ ಕುಂದರತಿಯೋ ಇಲ್ಲೋ!"

ಚೀಟಿ ಟ್ರ್ಯಾಕ್ಟರಿನ ಸೀಟಿನಡಿ ಸಿಕ್ಕು ವಾರವಾಗಿತ್ತು. ಮಲ್ಲೇಶ ಅದನ್ನು ಓದಿ ಮತ್ತೆ ಅಲ್ಲಿಯೇ ಇಟ್ಟಿದ್ದ.

ನಾಲ್ಕನೆಯ ವಾರ ಶೋಭಾಳ ತಾಯಿ ಉದ್ದವ್ವ ಘೋಡಗೇರಿಯಿಂದ ಎರಡು ಬಸ್ಸು ಬದಲಿಸಿ ಬಂದಳು. ಚೀಲದಲ್ಲಿ ಬೆಲ್ಲ, ಕೊಬ್ಬರಿ, ಒಂದು ಹೊಸ ಇಳಕಲ್ಲ ಸೀರೆ. ಮಗಳ ತಲೆ ಸವರಿ, ಚಹಾ ಕುಡಿದು, ಯಮನವ್ವನನ್ನು ಮಣೆಯ ಮೇಲೆ ಕೂರಲು ಕರೆದಳು.

"ಏನಿದು ಬೀಗತಿ?"

"ಬರ್ರಿ, ಕುಂದರ್ರಿ. ಹಡದ ತಾಯಿ ನಾನು; ನಾ ಮಾಡಬೇಕಾದ್ದ ನೀವ ಮಾಡೀರಿ. ನಿಮಗೊಂದ ಉಡಿ ತುಂಬಿ ಹೊಕ್ಕೇನಿ." ಉದ್ದವ್ವ ಸೀರೆ ಬಿಚ್ಚುತ್ತ ಮಗಳ ಕಡೆ ಗದರಿದಳು. "ಈಕಿ ಸಣ್ಣಾಕಿ ಇದ್ದಾಗಿಂದೂ ಹಿಂಗ. ಹೇಳಿದ್ದ ಕೇಳೂದಿಲ್ಲ. ನನ್ನ ಮಗಳ ತಪ್ಪಾತ್ರಿ, ಹೊಟ್ಟ್ಯಾಗ ಹಾಕೋರಿ."

ಯಮನವ್ವ ಮಣೆಯ ಮೇಲೆ ಕುಂತಳು. ಉದ್ದವ್ವ ಸೀರೆಯನ್ನು ಅವಳ ಮಡಿಲಿಗೆ ಇಡಲು ಬಗ್ಗಿದಳು. ಯಮನವ್ವ ಎರಡೂ ಕೈ ಅಡ್ಡ ಹಿಡಿದಳು.

"ಬ್ಯಾಡ ಬೀಗತಿ. ಆಕಿ ತಾನಾಗಿ ಎದ್ದಿದ್ದಿಲ್ಲ. ಚಾ ಮಾಡ ಅಂತ ನಾ ಎಬ್ಬಿಸಿದ್ನಿ."

ಉದ್ದವ್ವ ಬಗ್ಗಿದವಳು ಹಾಗೆಯೇ ನಿಂತಳು.

"ಆಕಿ ಆಗೂದಿಲ್ಲ ಅಂದಳು. ನಾ ಕೇಳಲಿಲ್ಲ. ಫೋನಿನ್ಯಾಗ ನಗಾಕ ಶಕ್ತಿ ಐತಿ ಅಂತ ಚುಚ್ಚಿ ಮಾತಾಡಿದ್ನಿ. ಬಾತ್‌ರೂಮ ಗೀತ್‌ರೂಮ ಎಲ್ಲಾ ಸುಳ್ಳ."

ಉದ್ದವ್ವ ಮಗಳ ಕಡೆ ತಿರುಗಿದಳು. "ಖರೇನ?"

"ಖರೆ. ಆದ್ರ ಏಳಬಾರದು ಅಂತ ಸಿಸ್ಟರ್ ನನಗೂ ಹೇಳಿದ್ರು," ಎಂದಳು ಶೋಭಾ. "ಅತ್ತಿ ಅಂದಮ್ಯಾಲ ಎದ್ನಿ."

"ಸಿಸ್ಟರ್ ಹೇಳ್ಯಾರ, ನಾ ಏಳೂದಿಲ್ಲ ಅನ್ನಾಕ ಏನಾಗಿತ್ತ ಬಾಯಿಗೆ?"

ಉದ್ದವ್ವ ಮಂಚದ ತುದಿಗೆ ಕುಸಿದು ಕುಂತಳು. "ಮದುವಿ ಮಾಡಿ ಕಳಸೂ ಮುಂದ ನಾನ ಹೇಳಿದ್ನಿ, ಅತ್ತಿ ಮಾತಿಗೆ ಹೂಂ ಅನಬೇಕ ಅಂತ. ಇಲ್ಲ ಅನ್ನೂದ ಒಂದ ಕಲಸಲಿಲ್ಲ ನೋಡ," ಎಂದಳು. ಕಣ್ಣೊರೆಸಿಕೊಂಡು ಸೀರೆಯನ್ನು ಮಡಚಿ, ಮತ್ತೆ ಚೀಲದೊಳಗೆ ಇಟ್ಟುಕೊಂಡಳು.

"ಮಗಳನ ಕರಕೊಂಡ ಹೊಕ್ಕೇನಿ ಬೀಗತಿ. ಪ್ಲಾಸ್ಟರ ತಗಿಯೂ ತನಕ ನನ್ನ ಹತ್ತರ ಇರಲಿ."

"ಆತ್ರಿ," ಎಂದಳು ಯಮನವ್ವ. ಬೇಡ ಎನ್ನುವ ಬಾಯಿ ಅವಳಿಗಿರಲಿಲ್ಲ.

ಸೊಸೆಯ ಸೀರೆ, ಜಂಪರು, ಗುಳಿಗೆಗಳನ್ನು ಅವಳೇ ಚೀಲಕ್ಕೆ ತುಂಬಿದಳು. ಉದ್ದವ್ವ ಹೊರಗೆ ಗಾಡಿ ನೋಡಲು ಹೋದಾಗ ಶೋಭಾ ನಾಲ್ಕು ವಾರದಲ್ಲಿ ಮೊದಲ ಸಲ ಅತ್ತೆಯೊಂದಿಗೆ ತಾನಾಗಿ ಮಾತಾಡಿದಳು.

"ಬಿದ್ದಿದ್ದಕ್ಕ ನನಗ ಸಿಟ್ಟಿಲ್ರಿ ಅತ್ತಿ. ಕಾಲ ಹಂಗ ಆಗತೈತಿ ಅಂತ ನಿಮಗ ಗೊತ್ತಿದ್ದಿಲ್ಲ. ಡಾಕ್ಟರ ಕೇಳಿದಾಗ ನಿಮ್ಮ ಮಾರಿ ನೋಡಿದ್ನಿ. ಎರಡ ಸಲ ಕೇಳಿದ್ರು. ನೀವ ಹೇಳತೀರಿ ಅಂತ ಕಾದ್ನಿ. ನಾ ಸುಳ್ಳ ಹೇಳೂ ತನಕ ಬಿಟ್ರಿ. ಆಮ್ಯಾಲ ನಿಮ್ಮ ಮಗಾ ನನಗ ಬೈಯೂದನ್ನ ದಿನಾ ಕೇಳಿದ್ರಿ. ನನಗ ಅನ್ನ ಉಣಸಾಕ ಬಂತು ನಿಮಗ, ಇದೊಂದ ಮಾತ ಬರಲಿಲ್ಲ."

ಯಮನವ್ವ ಚೀಲದ ಬಾಯಿ ಕಟ್ಟುತ್ತಿದ್ದಳು. ಗಂಟು ಬೀಳಲೇ ಇಲ್ಲ.

ಸಂಜೆ ಮಲ್ಲೇಶ ಬಂದಾಗ ಮಂಚ ಬರಿದಾಗಿತ್ತು. ಯಮನವ್ವ ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಕೂಗಾಡುತ್ತಾನೆಂದು ಕಾದಳು. ಅವನು ಹೊರಗೆ ಹೋಗಿ, ಎಣ್ಣೆಯ ಕಲೆಯಾದ ಚೀಟಿಯೊಂದನ್ನು ತಂದು ಶಿವಾನಿಯ ಪುಸ್ತಕದ ಮೇಲೆ ಇಟ್ಟ.

"ಓದಿ ಹೇಳ ನಿಮ್ಮ ಆಯಿಗೆ," ಎಂದ. ದನಿ ಸಣ್ಣದಾಗಿತ್ತು.

ಶಿವಾನಿ ಓದಿದಳು. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಇದನ್ನು ತಪ್ಪದೆ ತಿಳಿಸಿರಿ ಎಂದು ಕೊನೆಯ ಸಾಲಿನಲ್ಲಿ ಅಚ್ಚಾಗಿತ್ತು. ಯಾರೂ ಯಾರನ್ನೂ ಬೈಯಲಿಲ್ಲ. ಮುರಿಗೆಪ್ಪ ಎದ್ದು ಎಮ್ಮೆಗಳಿಗೆ ನೀರಿಡಲು ಹೋದ.

ಭಾನುವಾರ ಮಲ್ಲೇಶ ಘೋಡಗೇರಿಗೆ ಹೋಗಿ ಬಂದ. ಏನಂದಳು ಎಂದು ಕೇಳಿದರೆ, "ಉಣ್ಣಾಕ ಹಾಕಿದ್ರು, ಉಂಡ ಬಂದ್ನಿ," ಎಂದ. ಯಮನವ್ವ ನಿತ್ಯ ನೂರು ರೊಟ್ಟಿ ಬಡಿದು ಮೂಡಲಗಿಗೆ ಕಳಿಸಿದಳು. ಓಣಿಯವರು ಸೊಸೆ ಎಲ್ಲಿ ಎಂದು ಕೇಳಿದಾಗ, "ನನ್ನ ಮ್ಯಾಲ ಸಿಟ್ಟಾಗಿ ಹೋಗ್ಯಾಳ. ತಪ್ಪ ನಂದ ಐತಿ," ಎಂದು ಹೇಳತೊಡಗಿದಳು. ಹೊಗಳಿದ ಬಾಯಿಗಳು ಬೇರೆ ಮಾತಾಡಿದವು. ಯಮನವ್ವ ಆಗ ಒಳಗೆ ಎದ್ದು ಹೋಗಲಿಲ್ಲ, ಕುಂತು ಕೇಳಿದಳು.

ಆರನೆಯ ವಾರ ಶೋಭಾಳ ಫೋನು ಬಂತು.

"ಶುಕ್ರವಾರ ಪ್ಲಾಸ್ಟರ ತಗೀತಾರ್ರಿ. ನೀವ ಬರ್ರಿ ಗೋಕಾಕಕ್ಕ."

"ಮಲ್ಲೇಶನ ಕಳಸಲೇನ ಬೇ?"

"ಅವರ ಬ್ಯಾಡ. ಡಾಕ್ಟರ ಏನ ಹೇಳತಾರ ಅದನ್ನ ನೀವ ಕೇಳಬೇಕ."

ಶುಕ್ರವಾರ ಯಮನವ್ವ ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ಆಸ್ಪತ್ರೆಯ ಬಾಗಿಲಲ್ಲಿದ್ದಳು. ಶೋಭಾ ಒಬ್ಬಳೇ ಬಂದಳು. ಸ್ವಲ್ಪ ಕುಂಟುತ್ತಿದ್ದಳು, ಆದರೆ ಯಾರನ್ನೂ ಹಿಡಿದುಕೊಂಡಿರಲಿಲ್ಲ. ಪ್ಲಾಸ್ಟರು ಕತ್ತರಿಸಿದ ಮೇಲೆ ಕೈ ಸೊರಗಿ, ಸಿಪ್ಪೆ ಎದ್ದಿತ್ತು. ಬೆರಳಿನ ವ್ಯಾಯಾಮ, ಕಾಲಿನ ವ್ಯಾಯಾಮ, ಇನ್ನೂ ಮೂರು ತಿಂಗಳು ನೆಲದ ಮೇಲೆ ಕುಂತು ರೊಟ್ಟಿ ಬಡಿಯುವಂತಿಲ್ಲ ಎಂದರು ಡಾಕ್ಟರು. ಯಮನವ್ವ ಒಂದೊಂದನ್ನೂ ಅವರ ಮುಂದೆಯೇ ತಿರುಗಿ ಹೇಳಿ ಒಪ್ಪಿಸಿದಳು. ಆಮೇಲೆ ಎದ್ದು ನಿಂತಳು.

"ಸಾಹೇಬರ, ಅವತ್ತ ಈಕಿ ಬಾತ್‌ರೂಮಿಗೆ ಎದ್ದಿದ್ದಿಲ್ರಿ. ನಾ ಕೆಲಸಕ್ಕ ಎಬ್ಬಿಸಿದ್ನಿ. ಬೈಸಿಕೊಳ್ಳಬೇಕಾದಾಕಿ ನಾನ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ನಾವೂ ಚೀಟಿ ಕೊಟ್ಟ ಕೈ ತೊಳಕೊಂಡ್ವಿ," ಎಂದರು ಮೆಲ್ಲಗೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ ಎಂದು ಯಮನವ್ವನಿಗೆ ಅನ್ನಿಸಿತು.

ಹೊರಗಿನ ಮೊಗಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಒಬ್ಬ ಹುಡುಗಿ ಕುಂತಿದ್ದಳು. ಮೊಣಕಾಲಿಗೆ ಹೊಸ ಬ್ಯಾಂಡೇಜು. "ಕುಛ್ ನೋವಿಲ್ಲ ಅಮ್ಮೀ, ಅರಾಮ ಐತಿ," ಎಂದು ಪಕ್ಕದ ಮುದುಕಿಗೆ ಹೇಳುತ್ತ ನಗುತ್ತಿದ್ದಳು. ಮುದುಕಿ ಬುರ್ಖಾದ ಮುಸುಕು ಹಿಂದೆ ಸರಿಸಿ, ಟಿಫಿನ್ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಆಚೆ ಕಿಟಕಿಯ ಹತ್ತಿರ ನರ್ಸು ಆ ಹುಡುಗಿಯ ಗಂಡನಿಗೆ ಚೀಟಿ ತೋರಿಸಿ ಏನೇನೋ ವೇಗವಾಗಿ ಹೇಳುತ್ತಿದ್ದಳು. ಅವನು ಹೂಂ ಹೂಂ ಎನ್ನುತ್ತ, ಇನ್ನೊಂದು ಕೈಯಲ್ಲಿ ಹುಕ್ಕೇರಿಗೆ ಹೋಗುವ ಗಾಡಿಗೆ ಫೋನು ಹಚ್ಚುತ್ತಿದ್ದ. ಚೀಟಿ ಜೇಬಿಗೆ ಹೋಯಿತು.

ಯಮನವ್ವ ನಡೆಯುತ್ತಿದ್ದವಳು ನಿಂತಳು. ತಿರುಗಿ ಮುದುಕಿಯ ಹತ್ತಿರ ಹೋದಳು.

"ಅಕ್ಕಾರ, ಈಕಿ ನಿಮಗೇನ ಆಗಬೇಕ್ರಿ?"

"ಸೊಸಿರಿ. ಸಾಹಿರಾ ಅಂತ. ಯಾಕ್ರಿ?"

"ಈಕಿಗೆ ಈಗ ನೋವ ಇಲ್ಲ ಅಂತ ನಂಬಬ್ಯಾಡ್ರಿ. ಇಂಜೆಕ್ಷನ್ ಮಾಡ್ಯಾರ, ಅದಕ್ಕ ಇಲ್ಲ. ಆ ಕಾಲಿನ್ಯಾಗ ನಾಳಿ ಮಧ್ಯಾಹ್ನದ ತನಕ ಬಲ ಇರೂದಿಲ್ಲ. ತಾ ಏಳತೇನಿ ಅಂದ್ರೂ ಬಿಡಬ್ಯಾಡ್ರಿ, ನೀವಂತೂ ಎಬ್ಬಸಬ್ಯಾಡ್ರಿ. ಎಲ್ಲಿಗೆ ಹೋಗಬೇಕಂದ್ರೂ ಬಗಲಾಗ ಕೈ ಹಾಕಿ ಹಿಡೀರಿ. ಗುಳಿಗಿ ನೋವ ಬರೂಕಿಂತ ಮೊದಲ ಕೊಡ್ರಿ."

ಮುದುಕಿ ಚೀಲ ಬಿಟ್ಟು ನೆಟ್ಟಗೆ ನಿಂತಳು. ಸೊಸೆಯ ನಗು ನಿಂತಿತು. "ನಮ್ಮ ಸೊಹೇಲ ಏನೂ ಹೇಳಲೇ ಇಲ್ಲ ನೋಡ್ರಿ," ಎಂದಳು ಮುದುಕಿ. "ನೀವ ಇಲ್ಲೇ ಆಸ್ಪತ್ರ್ಯಾಗ ಕೆಲಸಾ ಮಾಡತೀರೇನ್ರಿ?"

"ಇಲ್ರಿ," ಎಂದಳು ಯಮನವ್ವ. ಹಿಂದೆ ನಿಂತಿದ್ದ ಶೋಭಾಳ ಕಡೆಗೆ ಕೈ ತೋರಿಸಿದಳು. "ನಾ ಈಕಿ ಅತ್ತಿ. ಎಬ್ಬಿಸಿದಾಕಿ."

ಮುದುಕಿ ಒಮ್ಮೆ ಶೋಭಾಳ ಸೊರಗಿದ ಕೈಯನ್ನೂ ಒಮ್ಮೆ ಯಮನವ್ವನ ಮುಖವನ್ನೂ ನೋಡಿದಳು. ಮತ್ತೇನೂ ಕೇಳದೆ, ಮಗನ ಜೇಬಿನಿಂದ ಚೀಟಿ ಇಸಿದುಕೊಳ್ಳಲು ಕಿಟಕಿಯ ಕಡೆ ಹೋದಳು.

ಮೆಟ್ಟಿಲ ಹತ್ತಿರ ಯಮನವ್ವ ಸೊಸೆಗಾಗಿ ಕಾದಳು. ಘೋಡಗೇರಿಗೋ ಕುಲಗೋಡಕ್ಕೋ ಎಂದು ಕೇಳುವ ಧೈರ್ಯ ಬರಲಿಲ್ಲ. ಶೋಭಾ ಒಂದು ಕೈಯಿಂದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದಳು.

"ನಾಕಕ್ಕ ಕುಲಗೋಡ ಬಸ್ ಐತಿ," ಎಂದಳು. "ನಾ ಲಗೂ ನಡಿಯಾಕ ಆಗೂದಿಲ್ಲ. ನೀವ ಸಾವಕಾಶ ನಡೀರಿ."